ಏಡಿಯ ದಿಗಂತ

ಕುಮಟೆಯ ಬಳಿ ಕಡಲನ್ನು ಸೇರುವ ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್‌ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಇಂತಹ ಕೆಸರು ಬಯಲುಗಳಲ್ಲಿರುವ ಪಿಟೀಲು ಏಡಿಯಂತಹ ಅಂಜುಬುರುಕ ಜೀವಿಗಳ ಛಾಯಾಚಿತ್ರ ತೆಗೆಯುವ ಹಂಬಲವು ವಿದ್ಯಾರ್ಥಿಗಳಿಗೆ ಸಹಜವಾದುದು. ಜೋರಾಪುರ ಪೇಟೆಯಿಂದ ಪ್ರವಾಸ ಹೊರಟು ಕಡಲನ್ನು ಕಾಣುವ ನಮ್ಮ ತರುಣರಿಗಂತೂ ಈ ಉತ್ಸಾಹ ಹೆಚ್ಚು. ಆದರೆ ಬಿಲವನ್ನು ಅಗೆದು, ಏಡಿಯನ್ನು ಹೊರಗೆಳೆದು ಚಿತ್ರ ತೆಗೆಯುವ ಪದ್ಧತಿಯನ್ನು ನಾವು ಒಪ್ಪಲಾರೆವು. ಅದು ಕ್ರೌರ್ಯ ಮಾತ್ರವಲ್ಲ, ವಿಜ್ಞಾನಕ್ಕೂ ಸಲ್ಲದು.

ಏಡಿಯು ಅಡಗುವುದೇಕೆ? ದಂಟಿನ ತುದಿಯಲ್ಲಿರುವ ಅದರ ಕಣ್ಣುಗಳು ನೆಲದಿಂದ ಸುಮಾರು 2 ಸೆಂ.ಮೀ. ಎತ್ತರದಲ್ಲಿವೆಯೆನ್ನೋಣ. ಸಮತಟ್ಟಾದ ಬಯಲಿನಲ್ಲಿ ಆ ಎತ್ತರವನ್ನು ಮೀರಿದುದೆಲ್ಲವೂ ಅದಕ್ಕೆ ದಿಗಂತದ ಮೇಲೆ ಕಾಣುತ್ತದೆ; ಅಲ್ಲಿ ಚಲಿಸುವುದನ್ನು ಅದು ಶತ್ರುವೆಂದೇ ಎಣಿಸುತ್ತದೆ. 10 ಮೀಟರು ದೂರದಲ್ಲಿ ನಿಂತ 170 ಸೆಂ.ಮೀ. ಎತ್ತರದ ಮನುಷ್ಯನು ಆ ದಿಗಂತದಿಂದ ಸುಮಾರು 9½ ಡಿಗ್ರಿ ಮೇಲೇರುತ್ತಾನೆ. ಅವನೇ 30 ಸೆಂ.ಮೀ. ಮೀರದಂತೆ ಮಲಗಿದರೆ, 3 ಮೀಟರು ಸಮೀಪದಲ್ಲಿಯೂ 5½ ಡಿಗ್ರಿಯನ್ನು ಮುಟ್ಟುವುದಿಲ್ಲ. ನಿಂತವನಿಗಿಂತ ಮಲಗಿದವನೇ ಹತ್ತಿರ ಹೋಗಬಲ್ಲನು!

ಅಲ್ಲಿಂದ 300 ಮಿ.ಮೀ. ನಾಭಿದೂರದ ಮಸೂರವು 2 ಸೆಂ.ಮೀ. ಅಗಲದ ಏಡಿಯ ಬಿಂಬವನ್ನು 2 ಮಿ.ಮೀ.ಗಿಂತ ತುಸು ದೊಡ್ಡದಾಗಿ ಮೂಡಿಸುತ್ತದೆ. ಇಂದಿನ ಕ್ಯಾಮೆರಾಗಳಿಗೆ ಅಷ್ಟು ಸಾಕು. ಮೊಬೈಲು ಮಾತ್ರ ಉಳ್ಳವರು ಅದನ್ನು ಬಿಲದ ಬಳಿ ತಗ್ಗಾಗಿ ನಿಲ್ಲಿಸಿ, ಚಾಲೂ ಮಾಡಿ, ತಾವು ದೂರ ಸರಿಯಲಿ.

ಕಾಯುವುದು ಬೇಸರವೆನ್ನುವವರು ಏಡಿಯ ಗಡಿಯಾರವನ್ನೂ ನೋಡಬೇಕು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದರಲ್ಲಿ ಕೆಸರು ತೆರೆದಿರುವ ಕೆಲವೇ ಗಂಟೆಗಳಲ್ಲಿ ಅದು ಕೆಸರನ್ನು ಸೋಸಿ ಉಣ್ಣಬೇಕು, ಬಿಲವನ್ನು ಸರಿಪಡಿಸಬೇಕು, ಸಂಗಾತಿಯನ್ನು ಕರೆಯಬೇಕು. ನಾವು ಬೆದರಿಸಿದಷ್ಟು ಸಲವೂ ಅದರ ಊಟದ ಹೊತ್ತನ್ನು ಕದ್ದಂತೆಯೇ ಸರಿ.

ಅಗೆದು ತೆಗೆದ ಏಡಿಯಿಂದ ಅಂಗರಚನೆ ತಿಳಿಯದೆ ಎಂದು ಕೇಳಬಹುದು. ತಿಳಿದೀತು. ಆದರೆ ಗಂಡು ತನ್ನ ಒಂದೇ ದೊಡ್ಡ ಕೊಂಡಿಯನ್ನು ಯಾವಾಗ, ಯಾರ ಮುಂದೆ ಬೀಸುತ್ತದೆಂಬುದು ಅಂಗೈಯಲ್ಲಿ ಹಿಡಿದ ಏಡಿಯಿಂದ ತಿಳಿಯದು. ಅಳೆಯುವ ಕೆಲಸವೇ ಅಳೆಯಬೇಕಾದುದನ್ನು ಕೆಡಿಸಬಾರದೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಕೆಸರು ಬಯಲಿಗೂ ಅದು ಅನ್ವಯಿಸುತ್ತದೆ.

ಈ ಅಭ್ಯಾಸಕ್ಕೆ ಕಡಲೇ ಬೇಕೆಂದಿಲ್ಲ. ನಮ್ಮ ಭೂತನಾಳ ಕೆರೆಯ ಅಂಚಿನಲ್ಲಿ ಹಕ್ಕಿಯೊಂದನ್ನು ಹಾರಿಸದೆ ಅರ್ಧ ಗಂಟೆ ನೋಡಲು ಕಲಿತವನು ಅಘನಾಶಿನಿಗೆ ಹೋಗಲು ಯೋಗ್ಯನಾದನೆಂದು ನಾವು ತಿಳಿಯುತ್ತೇವೆ.