ಕೆರೆಯ ನೀರು ಎಲ್ಲರದು, ಏರಿಯ ದುರಸ್ತಿ ಯಾರದು?

ಚೆನ್ನಾಗಿ ಓಡುತ್ತಿರುವ ಮಗ್ಗವನ್ನು ತೋರಿಸಿ, “ಇಂಥ ತಾರೀಖಿನಿಂದ ಇದಕ್ಕೆ ಬಿಡಿಭಾಗವಿಲ್ಲ, ರಿಪೇರಿಯಿಲ್ಲ, ಹೊಸದನ್ನು ಕೊಳ್ಳಿರಿ” ಎಂದು ಮಾರಿದ ಕಂಪೆನಿಯೇ ಅಪ್ಪಣೆ ಹೊರಡಿಸಿದರೆ ಮಿಲ್ಲಿನ ಕೆಲಸಗಾರರು ಏನೆನ್ನುತ್ತಾರೆ? ಹಗಲು ದರೋಡೆ ಎನ್ನುತ್ತಾರೆ. 2025ರ ಅಕ್ಟೋಬರ್ 14ರಂದು ಸಣ್ಣ ವರ್ತಕರ ಪಾಲಿಗೆ ಆದದ್ದು ಇದೇ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ 10 ಎಂಬ ತನ್ನ ಆಪರೇಟಿಂಗ್ ಸಿಸ್ಟಂಗೆ ಅದುವರೆಗೆ ತಪ್ಪದೆ ಮಾಡುತ್ತಿದ್ದ ದುರಸ್ತಿಯನ್ನು ಮೈಕ್ರೋಸಾಫ್ಟ್ ಅಂದು ಕೈಬಿಟ್ಟಿತು. ಬಿಲ್ಲು ಬರೆಯಲು, ಜಿ.ಎಸ್.ಟಿ. ಲೆಕ್ಕ ಕಟ್ಟಲು ಧಾರಾಳವಾಗಿ ಸಾಲುವ ಎಷ್ಟೋ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅನರ್ಹವಾದವು. ಹಳೆಯದರಲ್ಲೇ ಮುಂದುವರಿಯಬೇಕೆನ್ನುವ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್ ದಂಡ. ಎರಡನೆಯ ವರ್ಷ ಅದರ ಇಮ್ಮಡಿ. ಮೂರನೆಯ ವರ್ಷ ಮತ್ತೆ ಇಮ್ಮಡಿ. ಬಡ್ಡಿ ವ್ಯವಹಾರದವರು ನಾಚಬೇಕು!

ಇದು ಬರಿಯ ಹಣದ ಪ್ರಶ್ನೆಯಲ್ಲ, ಒಡೆತನದ ಪ್ರಶ್ನೆ. 2025ರ ಜುಲೈನಲ್ಲಿ, ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿಯ ಇ-ಮೇಲ್ ಮೊದಲಾದ ಸೇವೆಗಳನ್ನು ಮೈಕ್ರೋಸಾಫ್ಟ್ ಏಕಾಏಕಿ ತಡೆಹಿಡಿಯಿತು. ಆ ಕಂಪೆನಿಯ ಮೇಲೆ ನಿರ್ಬಂಧ ಹಾಕಿದ್ದು ಐರೋಪ್ಯ ಒಕ್ಕೂಟ, ನಮ್ಮ ಸರಕಾರವಲ್ಲ. ಹಣ ತೆತ್ತ ಗಿರಾಕಿ ದಿಲ್ಲಿಯ ಹೈಕೋರ್ಟಿನ ಬಾಗಿಲು ಬಡಿದ ಮೇಲೆ ಸೇವೆ ಮರಳಿತು. ಆ ದೊಡ್ಡ ಬಂಡವಾಳದ ಕಂಪೆನಿಗಾಗಿ ನಾವು ಕಣ್ಣೀರಿಡಬೇಕಾಗಿಲ್ಲ. ಆದರೆ ವಕೀಲರ ದಂಡನ್ನೇ ಸಾಕುವವರ ಗತಿ ಇದಾದರೆ ಕಿರಾಣಿ ಅಂಗಡಿಯವನ ಗತಿಯೇನು?

ಬೇರೆ ದಾರಿ ಇಲ್ಲವೆ? ಇದೆ. ತಂತ್ರಾಂಶದ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ವದ ಮೇಲೆ 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಹೊರತಂದರು. ಎರಡೂ ಸೇರಿ ಯಾವ ಒಬ್ಬ ಧಣಿಯ ಸ್ವತ್ತೂ ಅಲ್ಲದ ಆಪರೇಟಿಂಗ್ ಸಿಸ್ಟಂ ಲೋಕಕ್ಕೆ ದೊರಕಿತು. “ಬಿಟ್ಟಿ ಮಾಲು ಕಳಪೆ” ಎಂದು ಹೀಗಳೆಯುವವರಿಗೆ ಒಂದೇ ಉತ್ತರ ಸಾಕು: 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸಿನವೇ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವ ತಿರುಳೂ ಲಿನಕ್ಸೇ.

ಹಾಗಾದರೆ ಇದು ನಮ್ಮ ಅಂಗಡಿಯ ಮೇಜಿಗೆ, ಸಂಘದ ಕಚೇರಿಗೆ ಏಕೆ ಬರಲಿಲ್ಲ? ಕಂಪೆನಿಗಳ ಕುತಂತ್ರ ಎಂದು ಕೈತೊಳೆದುಕೊಳ್ಳುವುದು ಸುಲಭ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಹೀಗಿದೆ: ಮುಕ್ತ ತಂತ್ರಾಂಶಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ದುರಸ್ತಿಗೆ ಗೊತ್ತಾದ ಬೊಕ್ಕಸವಿಲ್ಲ.

ಮೊದಲು ಅಳತೆಯ ಮಾತು. ನಲವತ್ತನೆಯ ನಂಬರಿನ ನೂಲೆಂದರೆ ಯಾವ ಮಿಲ್ಲಿನಲ್ಲಿಯೂ ನಲವತ್ತೇ. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ಕಾಲದಲ್ಲಿ ಮೋಸ ಹೋಗುತ್ತಿದ್ದವನು ಬಡ ಗಿರಾಕಿ. 1956ರ ತೂಕ ಮತ್ತು ಅಳತೆಗಳ ಕಾನೂನು ಬಂದದ್ದು ಅದಕ್ಕೇ. ಲಿನಕ್ಸಿನಲ್ಲಿಯಾದರೋ ನೂರಾರು ಬಗೆ. ಒಂದಕ್ಕೆಂದು ಕಟ್ಟಿದ ತಂತ್ರಾಂಶದ ಗಂಟು ಇನ್ನೊಂದರಲ್ಲಿ ಹಾಗೆಯೇ ಬಿಚ್ಚಿಕೊಳ್ಳದು. ಹೀಗಿರುವಾಗ ಲೆಕ್ಕದ ತಂತ್ರಾಂಶ ಮಾಡುವವನು ಯಾವುದಕ್ಕೆಂದು ಮಾಡಬೇಕು? ಒಂದು ಪ್ರಯತ್ನ ನಡೆದದ್ದುಂಟು. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಎಂಬ ಮಾನಕ 2001ರಲ್ಲಿ ಬಂತು. 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂಬ ಮುದ್ರೆಯೂ ಬಿತ್ತು. ಆದರೆ ಅದಕ್ಕೆ ಹೊಂದುವಂತೆ ಪ್ರಮಾಣಪತ್ರ ಪಡೆದ ತಂತ್ರಾಂಶಗಳು ಬೆರಳೆಣಿಕೆಯಷ್ಟು. 2015ರಲ್ಲಿ ಡೆಬಿಯನ್ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಆ ವರ್ಷದ ಐದನೆಯ ಆವೃತ್ತಿಯೇ ಕೊನೆಯದಾಯಿತು. ಕೊಳ್ಳುವವನು ಕೇಳದ ಅಳತೆಯನ್ನು ಮಾರುವವನು ಪಾಲಿಸುವುದಿಲ್ಲ ಎಂಬುದೇ ಇದರ ಪಾಠ.

“ಅಳತೆ ಗೊತ್ತುಮಾಡಿದರೆ ಸ್ವಾತಂತ್ರ್ಯ ಹೋಗುತ್ತದೆ” ಎಂದು ಕೆಲವು ಪಂಡಿತರ ಆಕ್ಷೇಪ. ನೂಲಿನ ನಂಬರು ಗೊತ್ತಾದುದರಿಂದ ಅಂಚು ಸೆರಗಿನ ಬಣ್ಣ ಆರಿಸುವ ನೇಕಾರನ ಸ್ವಾತಂತ್ರ್ಯ ಹೋಯಿತೆ?

ಎರಡನೆಯದು ಬೊಕ್ಕಸ. ಜಗತ್ತಿನ ಬ್ಯಾಂಕು ವ್ಯಾಪಾರಗಳ ಗುಟ್ಟನ್ನು ಕಾಯುವ ಓಪನ್ ಎಸ್.ಎಸ್.ಎಲ್. ಎಂಬ ಮುಕ್ತ ತಂತ್ರಾಂಶದಲ್ಲಿ 2014ರಲ್ಲಿ ಭಾರಿ ಬಿರುಕು ಕಾಣಿಸಿತು. ಆಗ ಹೊರಬಿದ್ದ ಸಂಗತಿ: ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ ಒಬ್ಬ. ಅದನ್ನು ಬಳಸಿ ಕೋಟ್ಯಂತರ ಗಳಿಸಿದ ಕಂಪೆನಿಗಳು ಕೈ ಬಿಚ್ಚಿದ್ದು ಮನೆಗೆ ಬೆಂಕಿ ಬಿದ್ದ ಮೇಲೆ! 2024ರ ಮಾರ್ಚ್‌ನಲ್ಲಿ ಬಯಲಾದುದು ಇನ್ನೂ ಭೀಕರ. ಕಡತಗಳನ್ನು ಒತ್ತಿ ಕಿರಿದುಮಾಡುವ ಎಕ್ಸ್‌ಝಡ್ ಎಂಬ ಉಪಕರಣವನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವನು ಒಬ್ಬ ದಣಿದ ಮನುಷ್ಯ. ಸುಳ್ಳು ಹೆಸರಿನವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ಸಹಾಯದ ಸೋಗು ಹಾಕಿ, ವಿಶ್ವಾಸ ಗಳಿಸಿ, ಅದರಲ್ಲಿ ಕಳ್ಳಬಾಗಿಲು ಇಟ್ಟಿದ್ದ. ಅರ್ಧ ಸೆಕೆಂಡಿನ ತಡವನ್ನು ಗಮನಿಸಿದ ಇಂಜಿನಿಯರೊಬ್ಬ ಬೆನ್ನುಹತ್ತಿದ್ದರಿಂದ ಅನಾಹುತ ತಪ್ಪಿತು. ನೀರುಗಂಟಿಗೆ ಆಯ ಕೊಡದೆ ತೂಬಿನ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟ ಹಾಗಾಗಲಿಲ್ಲವೆ?

ಎಲ್ಲವನ್ನೂ ಬಂಡವಾಳಗಾರರ ಔದಾರ್ಯಕ್ಕೆ ಬಿಡೋಣವೆಂದರೆ ಅದರ ಫಲವನ್ನೂ ಕಂಡಿದ್ದೇವೆ. 2019ರಲ್ಲಿ ಐ.ಬಿ.ಎಂ. ಕಂಪೆನಿ ಲಿನಕ್ಸ್ ವ್ಯಾಪಾರದ ರೆಡ್ ಹ್ಯಾಟನ್ನು 3,400 ಕೋಟಿ ಡಾಲರಿಗೆ ಕೊಂಡಿತು. ರೆಡ್ ಹ್ಯಾಟಿನ ಆಶ್ರಯದಲ್ಲಿ ಉಚಿತವಾಗಿ ಸಿಗುತ್ತಿದ್ದ ಸೆಂಟ್ ಓಎಸ್ 8 ಎಂಬುದು 2029ರ ವರೆಗೆ ನಡೆಯುತ್ತದೆಂದು ಜನ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಬಂದ ಪ್ರಕಟಣೆ ಅದನ್ನು 2021ರ ಕೊನೆಗೇ ಮುಗಿಸಿತು. ಧಣಿ ಕೊಟ್ಟ ಮಾತು ಧಣಿಯ ಲಾಭ ಇರುವತನಕ.

ನಮ್ಮ ನಾಡಿನ ಹಿರಿಯರಿಗೆ ಈ ಸಮಸ್ಯೆ ಹೊಸದಲ್ಲ. ಕೆರೆಯ ನೀರು ಎಲ್ಲರದು, ಆದರೆ ಏರಿ ತನ್ನಷ್ಟಕ್ಕೆ ನಿಲ್ಲದು ಎಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದಲೇ ಶಾಸನಗಳಲ್ಲಿ “ಬಿತ್ತುವಟ್ಟ” ಎಂಬ ಮಾತು ಬರುತ್ತದೆ: ಕೆರೆಯ ಪಾಲನೆಗೆಂದು ಅದರಡಿಯ ಭೂಮಿಯಿಂದಲೇ ಗೊತ್ತುಮಾಡಿದ ಪಾಲು. ಅದು ಭಿಕ್ಷೆಯಲ್ಲ, ಕಟ್ಟಳೆ. ಜರ್ಮನಿಯ ಸರಕಾರ 2022ರಲ್ಲಿ ಮುಕ್ತ ತಂತ್ರಾಂಶದ ಪಾಲನೆಗೆಂದೇ ಸಾರ್ವಜನಿಕ ನಿಧಿ ತೆರೆದಿದೆ. ಬೆಂಗಳೂರಿನ ಜೆರೋಧಾ ಕಂಪೆನಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯನ್ನು 2024ರಲ್ಲಿ ಸಾರಿತು. ಒಳ್ಳೆಯದೇ, ಆದರೆ ದಾನದಿಂದ ಒಂದು ವರ್ಷದ ಹೂಳು ತೆಗೆಯಬಹುದು, ಕೆರೆ ಉಳಿಯದು.

ನಮ್ಮ ಸರಕಾರವೇನು ಮಾಡಿದೆ? ಸಿ-ಡ್ಯಾಕ್ ಸಂಸ್ಥೆ ‘ಬಾಸ್’ ಎಂಬ ಲಿನಕ್ಸನ್ನು 2007ರಲ್ಲಿಯೇ ಹೊರತಂದಿತು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿಯನ್ನು ಕೇಂದ್ರ 2015ರಲ್ಲಿ ಪ್ರಕಟಿಸಿತು. ನೀತಿ ಕಡತದಲ್ಲಿ ಮಲಗಿದೆ. ಕಚೇರಿಯ ಮೇಜಿನ ಮೇಲೆ ವಿಂಡೋಸ್ ಎದ್ದು ಕೂತಿದೆ. ಇದು ಆಗದ ಕೆಲಸವೆನ್ನುವವರು ನೆರೆಯ ಕೇರಳದ ಸರಕಾರಿ ಶಾಲೆಗಳನ್ನು ನೋಡಿ ಬರಲಿ: ಹದಿನೈದು ವರ್ಷಗಳಿಗೂ ಮಿಕ್ಕಿ ಅಲ್ಲಿನ ಮಕ್ಕಳು ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು: ಸಾರ್ವಜನಿಕ ಹಣದಿಂದ ಮಾಡಿಸಿದ ಪ್ರತಿಯೊಂದು ತಂತ್ರಾಂಶವೂ ಗೊತ್ತಾದ ಒಂದು ಮುಕ್ತ ಮಾನಕದ ಮೇಲೆ ಓಡಲೇಬೇಕೆಂದು ಟೆಂಡರಿನಲ್ಲಿಯೇ ಬರೆಯಬೇಕು. ಎರಡು: ತಂತ್ರಾಂಶದ ಪರವಾನಗಿಗೆ ಸರಕಾರ ತೆರುವ ಪ್ರತಿ ನೂರು ರೂಪಾಯಿಗೆ ಐದು ರೂಪಾಯಿಯನ್ನು ಬಿತ್ತುವಟ್ಟವಾಗಿ ತೆಗೆದಿಟ್ಟು, ದುರಸ್ತಿ ಮಾಡುವವರಿಗೆ ಸಂಬಳ ಕೊಡಬೇಕು. ಮಾರುಕಟ್ಟೆ ಸಮಿತಿಗೆ ವರ್ತಕ ಸೆಸ್ ಕಟ್ಟುವಂತೆ, ಈ ಕೆರೆಯ ನೀರಿನಿಂದ ಕೋಟಿ ಗಳಿಸುವ ಕಂಪೆನಿಗಳೂ ಕಟ್ಟಲಿ. ನಿಧಿಯ ಆಡಳಿತ ದುಡಿಯುವವರ ಮತ್ತು ಬಳಸುವವರ ಕೈಯಲ್ಲಿರಲಿ; ಲೆಕ್ಕಪತ್ರ ಬಹಿರಂಗವಾಗಿರಲಿ. ಮೂರು: ವರ್ತಕರ ಸಂಘವೂ ಕಾರ್ಮಿಕ ಸಂಘವೂ ಕೂಡಿ ಊರಿನಲ್ಲೊಂದು ಸಹಕಾರಿ ದುರಸ್ತಿ ಕೇಂದ್ರವನ್ನು ಕಟ್ಟಬೇಕು. ವರ್ಷದ ಚಂದಾದಿಂದ, ಐ.ಟಿ.ಐ. ಕಲಿತ ನಮ್ಮ ಊರಿನ ಹುಡುಗ ಹುಡುಗಿಯರಿಗೇ ಅಲ್ಲಿ ಕೆಲಸ ಕೊಡಬಹುದು.

ಮೂರನೆಯದಕ್ಕೆ ಯಾವ ಮಂತ್ರಿಯ ಸಹಿಯೂ ಬೇಡ. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಕಾರ್ಯಸೂಚಿಗೆ ಸೇರಿಸಿರಿ. ಏರಿ ಒಡೆದ ಮೇಲೆ ಡಂಗುರ ಹೊಡೆದು ಪ್ರಯೋಜನವಿಲ್ಲ.