ಬೆರಳು ಎದ್ದಾಗಲೇ ಒಪ್ಪಿಗೆ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಹರಾಜಿನಲ್ಲಿ ರೀಲರುಗಳು ಇಂದು ಬೆಲೆಯನ್ನು ಮೊಬೈಲಿನಲ್ಲಿಯೇ ನಮೂದಿಸುತ್ತಾರೆ. ಪರದೆಗೆ ಬೆರಳು ತಾಗಿದೊಡನೆ ಅದರ ನಿಯಂತ್ರಕವು ಒಂದು ತಂತಿಯ ಮೂಲಕ ಮೊಬೈಲಿನ ಪ್ರೊಸೆಸರನ್ನು ಎಚ್ಚರಿಸುತ್ತದೆ. ಪ್ರೊಸೆಸರು ಆಗ ಬೆರಳುಗಳೆಷ್ಟು, ಅವು ಎಲ್ಲಿವೆ ಎಂಬುದನ್ನು ಓದಿಕೊಳ್ಳುತ್ತದೆ. ಎಫ್‌ಟಿ 5406 ಎಂಬ ನಿಯಂತ್ರಕದಲ್ಲಿ ಅಡ್ಡಸ್ಥಾನವನ್ನು ತಿಳಿಸಲು 8 ಬಿಟ್ಟುಗಳ ಎರಡು ಕೋಶಗಳುಂಟು. ಅವುಗಳಲ್ಲಿ 12 ಬಿಟ್ಟು ಸ್ಥಾನಕ್ಕೆ ಮೀಸಲು. ಮಿಕ್ಕವುಗಳಲ್ಲಿ 2 ಬಿಟ್ಟು ಬೆರಳು ಈಗ ತಾಗಿತೇ, ತಾಗಿಯೇ ಇದೆಯೇ, ಎದ್ದಿತೇ ಎಂಬ ಸ್ಥಿತಿಯನ್ನು ಸಾರುತ್ತವೆ.

ಹಣದ ವ್ಯವಹಾರದಲ್ಲಿ ‘ತಾಗಿತು’ ಎಂಬುದನ್ನೇ ಒಪ್ಪಿಗೆಯೆಂದು ಎಣಿಸುವುದು ಯುಕ್ತವಲ್ಲವೆಂದು ನಮ್ಮ ಮತ. ‘ಎದ್ದಿತು’ ಎಂಬ ಸ್ಥಿತಿ ಬರುವವರೆಗೆ ತಂತ್ರಾಂಶವು ಕಾಯಬೇಕು. ತಪ್ಪು ಅಂಕಿಯ ಮೇಲಿಟ್ಟ ಬೆರಳನ್ನು ಪಕ್ಕಕ್ಕೆ ಸರಿಸಿ ಎತ್ತಲು ಆಗ ಅವಕಾಶವಿರುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಡ. ನಿಯಂತ್ರಕವು ಈಗಾಗಲೇ ಹೇಳುತ್ತಿರುವುದನ್ನು ಪೂರ್ತಿಯಾಗಿ ಕೇಳಿಸಿಕೊಂಡರೆ ಸಾಕು.