ಸರ್ವರ್ ಡೌನ್: ತಡೆ ಇರುವುದೆಲ್ಲಿ?

ನಾಗಣಸೂರ: ಮಹಾರಾಷ್ಟ್ರದ ಲಾಡಕಿ ಬಹೀಣ ಯೋಜನೆಯ ಫಲಾನುಭವಿಗಳು ಇ-ಕೆವೈಸಿ ಮಾಡಿಸಬೇಕೆಂದು 2025ರ ಸೆಪ್ಟೆಂಬರ್ 18ರಂದು ಸರ್ಕಾರ ಆದೇಶಿಸಿತು. ತಿಂಗಳ 1,500 ರೂಪಾಯಿ ನಿಂತೀತೆಂದು ಹೆದರಿದ ಮಹಿಳೆಯರು ಒಮ್ಮೆಲೇ ಮುಗಿಬಿದ್ದರು. ಹಲವರಿಗೆ ಒಟಿಪಿಯೇ ಬರಲಿಲ್ಲ. ತಾಂತ್ರಿಕ ತೊಂದರೆ ಇದ್ದುದನ್ನು ಸಚಿವೆ ಅದಿತಿ ತಟಕರೆ ಅವರೂ ಒಪ್ಪಿಕೊಂಡರು.

'ಸರ್ವರ್ ಡೌನ್' ಎಂದರೆ ಯಂತ್ರ ಕೆಟ್ಟಿದೆ ಎಂದೇ ಅಲ್ಲ. ಸರ್ವರ್ ಒಮ್ಮೆಗೆ ಇಂತಿಷ್ಟೇ ಅರ್ಜಿಗಳನ್ನು ಕೈಗೆತ್ತಿಕೊಳ್ಳುತ್ತದೆ. ಒಂದೊಂದು ಅರ್ಜಿಯನ್ನು ನೋಡಿಕೊಳ್ಳುವ ಎಳೆಗೆ ಥ್ರೆಡ್ ಎನ್ನುತ್ತಾರೆ. ಉದಾಹರಣೆಗೆ, 100 ಥ್ರೆಡ್ ಇದ್ದು ಅರ್ಜಿಯೊಂದಕ್ಕೆ 2 ಸೆಕೆಂಡು ಹಿಡಿದರೆ ಸೆಕೆಂಡಿಗೆ 50 ಅರ್ಜಿ ಮುಗಿಯುತ್ತವೆ. ಆಧಾರ್ ಕಡೆಯಿಂದ ಉತ್ತರ ಬರಲು 20 ಸೆಕೆಂಡು ಹಿಡಿದರೆ ಮುಗಿಯುವುದು 5 ಮಾತ್ರ. ಥ್ರೆಡ್‌ಗಳು ಸುಮ್ಮನೆ ಕಾಯುತ್ತವೆ, ಹೊರಗೆ ಪಾಳಿ ಬೆಳೆಯುತ್ತದೆ. ಮತ್ತೆ ಮತ್ತೆ ಬಟನ್ ಒತ್ತಿದರೆ ಒಬ್ಬರದೇ ಹತ್ತು ಅರ್ಜಿ ಪಾಳಿಗೆ ಸೇರಿ ಎಲ್ಲರಿಗೂ ತಡವಾಗುತ್ತದೆ. ತಡೆ ಆಧಾರ್ ಕಡೆಗಿದ್ದರೆ ಹೊಸ ಸರ್ವರ್ ಕೂಡಿಸಿಯೂ ಉಪಯೋಗವಿಲ್ಲ. ಈ ಕೆವೈಸಿಗೆ ಮಹಿಳೆಯ ಜೊತೆಗೆ ಗಂಡ ಅಥವಾ ತಂದೆಯ ಒಟಿಪಿಯೂ ಬೇಕಿತ್ತು. ಅಂದರೆ ಎರಡು ಸಲ ಕಾಯಬೇಕು.

ಗಡಿಯಾಚೆ ಕರ್ನಾಟಕವು 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭಿಸಿದಾಗ ಬರಬೇಕಾದ ದಿನ, ವೇಳೆ, ಸ್ಥಳವನ್ನು ಎಸ್ಸೆಮ್ಮೆಸ್ಸಿನಲ್ಲಿ ಮೊದಲೇ ತಿಳಿಸುವ ಕ್ರಮವಿಟ್ಟಿತ್ತು. ಮಹಾರಾಷ್ಟ್ರ ಗಡುವನ್ನು ನವೆಂಬರ್ 18ರಿಂದ ಡಿಸೆಂಬರ್ 31ಕ್ಕೆ ಮುಂದೂಡಿತು. ಗಡುವು ಮುಂದೆ ಹೋದರೆ ನೂಕುನುಗ್ಗಲೂ ಕೊನೆಯ ದಿನಗಳಿಗೆ ಮುಂದೆ ಹೋಗುತ್ತದೆ. ಮುಂದಿನ ಸಲವಾದರೂ ತಾಲೂಕುವಾರು ದಿನ ಹಂಚಬೇಕು. ಇಲ್ಲವಾದರೆ ಹೊಡೆತ ಬೀಳುವುದು ಕೂಲಿ ಬಿಟ್ಟು ಪಾಳಿಯಲ್ಲಿ ನಿಂತ ಹೆಣ್ಣುಮಕ್ಕಳಿಗೆ.